ರಟ್ಟು ಮುರಿಯದೆ ಬಾಗಬೇಕಾದರೆ ಒಂದು ಪದರ ಸುಲಿಯಿರಿ

ಹಳೆ ರಟ್ಟಿನ ಡಬ್ಬದಲ್ಲಿ ಬೊಂಬೆಯ ತೋಳು, ಕುತ್ತಿಗೆ, ಇಲ್ಲವೇ ಕಂಬದಂಥ ಉರುಟು ಆಕಾರ ಮಾಡುವವರು ರಟ್ಟನ್ನು ಹಾಗೇ ಬಗ್ಗಿಸಬೇಡಿ. ಒಂದು ಬದಿಯ ಕಾಗದವನ್ನು ಸುಲಿದು ತೆಗೆಯಿರಿ. ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜಿನಿಂದ ಆ ಬದಿಯನ್ನು ಮಾತ್ರ ಒರೆಸಿ, ಐದು ನಿಮಿಷ ಬಿಟ್ಟು, ಮೂಲೆಯಿಂದ ನಿಧಾನವಾಗಿ ಎಳೆದರೆ ಕಾಗದ ದೊಡ್ಡ ದೊಡ್ಡ ತುಂಡುಗಳಾಗಿ ಎದ್ದು ಬರುತ್ತದೆ. ಪದರಗಳನ್ನು ಹಿಡಿದಿರುವುದು ಹೆಚ್ಚಾಗಿ ಪಿಷ್ಟದ ಅಂಟು, ಅದು ನೀರಿಗೆ ಮೆತ್ತಗಾಗುತ್ತದೆ. ನಡುವಿನ ನೆರಿಗೆ, ಅಂದರೆ ಅಲೆಯಂತೆ ಮಡಿಸಿದ ಕಾಗದ, ಎರಡು ಚಪ್ಪಟೆ ಹಾಳೆಗಳ ಮಧ್ಯೆ ಸಿಕ್ಕಿಕೊಂಡಿರುವುದರಿಂದಲೇ ರಟ್ಟು ಬಿಗಿ. ಒಂದು ಹಾಳೆ ಹೋದರೆ ಉಳಿದದ್ದು ಚಾಪೆಯಂತೆ ಸುರುಳಿ ಸುತ್ತುತ್ತದೆ, ಮುರಿದ ಗೆರೆ ಬೀಳುವುದಿಲ್ಲ. ಆದರೆ ಬಾಗುವುದು ಒಂದೇ ದಿಕ್ಕಿಗೆ, ಹಾಗಾಗಿ ನೆರಿಗೆಗಳು ತೋಳಿನ ಉದ್ದಕ್ಕೆ ಸಾಗುವಂತೆ ಮೊದಲೇ ಗುರುತು ಹಾಕಿ ಕತ್ತರಿಸಿ. ಕೆನ್ನೆಯಂಥ ಎಲ್ಲ ಕಡೆ ಉಬ್ಬುವ ಭಾಗಕ್ಕೆ 2 ಸೆಂ.ಮೀ. ಪಟ್ಟಿಗಳಾಗಿ ಸೀಳಿ ಜೋಡಿಸುವುದೇ ಒಳ್ಳೆಯದು. ಮಾಸ್ಕಿಂಗ್ ಟೇಪ್ ಸುತ್ತಿ ಪೂರ್ತಿ ಒಣಗಿಸಿ. ಆಮೇಲೆ 2 ಪಾಲು ಬಿಳಿ ಗೋಂದಿಗೆ 1 ಪಾಲು ನೀರು ಬೆರೆಸಿ, ಕೈಯಲ್ಲಿ ಹರಿದ ಸುದ್ದಿಪತ್ರಿಕೆಯ ಚೂರುಗಳನ್ನು ಒಳಗೂ ಹೊರಗೂ ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಒಣಗುವಾಗ ಆ ಬದಿ ಕುಗ್ಗಿ ಇಡೀ ತುಂಡು ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಲೇಪ ಅಥವಾ ಮೇಣ ಇರುವ ಡಬ್ಬಕ್ಕೆ ಇದು ನಡೆಯುವುದಿಲ್ಲ, ನೀರು ಒಳಗಿಳಿಯುವುದೇ ಇಲ್ಲ. ನೀರು ಹೆಚ್ಚಾದರೂ ಕಷ್ಟ: ನೆರಿಗೆ ಕುಸಿದು ಚಪ್ಪಟೆಯಾದರೆ ಮತ್ತೆ ಏಳದು. ಬೀದಿಯಲ್ಲಿ ಇಡುವುದಾದರೆ ಬುಡ ನೆಲಕ್ಕೆ ತಾಗದಂತೆ ಎತ್ತರಿಸಿ, ಕತ್ತರಿಸಿದ ಅಂಚುಗಳಿಗೆ ಎರಡು ಸಲ ವಾರ್ನಿಷ್ ಬಳಿಯಿರಿ. ತೇವ ಮೊದಲು ನುಗ್ಗುವುದು ಅಲ್ಲಿಂದಲೇ.