ಯುರೋಪಿನ ಕಲೆಯನ್ನು ಹೊರದೇಶದ ಸಭೆಗೆ ಪರಿಚಯಿಸುವ ಬಗೆ

ಇಡೀ ಯುರೋಪನ್ನು ಒಂದೇ ಸಂಜೆಯಲ್ಲಿ ತೋರಿಸಲು ಹೊರಟ ಕಾರ್ಯಕ್ರಮಗಳು ಬಹುಮಟ್ಟಿಗೆ ಬಾವುಟಗಳ ಸಾಲಿನಲ್ಲೂ ತಿಂಡಿಯ ಮಳಿಗೆಗಳಲ್ಲೂ ಮುಗಿದುಹೋಗುತ್ತವೆ. ಆದ್ದರಿಂದ ಮೊದಲು ಒಂದು ಪ್ರದೇಶದ ಒಂದು ಕಲೆಯನ್ನು ಆರಿಸಿಕೊಳ್ಳಬೇಕು. ಫ್ಲಮೆಂಕೊ ಸ್ಪೇನಿನ ನೃತ್ಯವೆಂದಷ್ಟೇ ಹೇಳಿದರೆ ಸಾಲದು. ಅದು ದಕ್ಷಿಣದ ಆಂಡಲೂಸಿಯಾದಲ್ಲಿ, ಬಹುಪಾಲು ಅಲ್ಲಿನ ರೋಮಾ (ಜಿಪ್ಸಿ ಎಂದು ಕರೆಯಲಾಗುತ್ತಿದ್ದ) ಸಮುದಾಯದವರ ಬದುಕಿನೊಳಗೆ ಬೆಳೆದ ಕಲೆ. ಅದರಲ್ಲಿ ಕುಣಿತಕ್ಕಿರುವಷ್ಟೇ ಸ್ಥಾನ ಹಾಡಿಗೂ ಗಿಟಾರಿಗೂ ಉಂಟು. ಇಷ್ಟನ್ನು ಆರಂಭದಲ್ಲೇ ತಿಳಿಸಿದರೆ ಪ್ರೇಕ್ಷಕರು ಕುಣಿತಕ್ಕಾಗಿ ಮಾತ್ರ ಕಾಯುತ್ತ ಕೂರುವುದಿಲ್ಲ.

ದಿನವನ್ನು ಗೊತ್ತುಪಡಿಸುವಾಗ ಈಗಾಗಲೇ ರೂಢಿಯಲ್ಲಿರುವ ಆಚರಣೆಗಳ ನೆರವು ಪಡೆಯಬಹುದು. ಯುರೋಪಿನ ದೇಶಗಳ ಒಕ್ಕೂಟಕ್ಕೆ ನಾಂದಿಯಾದ 1950ರ ಷೂಮನ್ ಘೋಷಣೆಯ ನೆನಪಿನ ಯುರೋಪ್ ದಿನ ಮೇ 9ರಂದು ಬರುತ್ತದೆ. ಸೆಪ್ಟೆಂಬರ್ 26 ಯುರೋಪಿಯನ್ ಭಾಷೆಗಳ ದಿನ. ಫ್ರಾನ್ಸಿನಲ್ಲಿ 1982ರಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿರುವ ಜೂನ್ 21ರ ಸಂಗೀತೋತ್ಸವವನ್ನು ಆರಿಸಿಕೊಂಡರೆ ಅದರ ರೀತಿಯನ್ನೂ ಉಳಿಸಿಕೊಳ್ಳಬೇಕು: ಪ್ರವೇಶ ಉಚಿತ, ಹವ್ಯಾಸಿಗಳಿಗೂ ವೃತ್ತಿಪರರಿಗೂ ಸಮಾನ ಅವಕಾಶ. ಟಿಕೆಟ್ ಇಟ್ಟು ಆ ಹೆಸರನ್ನು ಬಳಸುವುದು ನನ್ನ ಮಟ್ಟಿಗೆ ಸರಿಯಲ್ಲ.

ಕಲಾವಿದರನ್ನು ಹುಡುಕುವಾಗ, ತಮ್ಮ ಭಾಷೆ ಸಂಸ್ಕೃತಿಗಳನ್ನು ಹೊರದೇಶಗಳಲ್ಲಿ ಪರಿಚಯಿಸುವ ಸಂಸ್ಥೆಗಳನ್ನು ಸಂಪರ್ಕಿಸಬಹುದು: 1883ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಲಿಯಾನ್ಸ್ ಫ್ರಾನ್ಸೇಸ್, ಜರ್ಮನಿಯ 1951ರ ಗೋಥೆ ಇನ್‌ಸ್ಟಿಟ್ಯೂಟ್, ಸ್ಪೇನಿನ 1991ರ ಸೆರ್ವಾಂಟೆಸ್ ಇನ್‌ಸ್ಟಿಟ್ಯೂಟ್‌ಗಳಂಥವು. ಇಂತಹ ಸಂಸ್ಥೆಗಳ ಕೂಟವಾದ ಯೂನಿಕ್ 2006ರಿಂದ ಕೆಲಸ ಮಾಡುತ್ತಿದೆ. ಹಣ ಕೇಳುವ ಮೊದಲು ಸಭಾಂಗಣ, ದಿನಾಂಕ ಮತ್ತು ನಿರೀಕ್ಷಿತ ಪ್ರೇಕ್ಷಕರ ವಿವರವುಳ್ಳ ಒಂದು ಪುಟದ ಪತ್ರವನ್ನು ಕಳುಹಿಸಿ.

ವೇದಿಕೆಯ ಸಿದ್ಧತೆಯಲ್ಲೇ ಹೆಚ್ಚಿನ ಎಡವಟ್ಟುಗಳಾಗುತ್ತವೆ. ಫ್ಲಮೆಂಕೊ ಕಲಾವಿದರ ಹಿಮ್ಮಡಿಯ ಪೆಟ್ಟೇ ಒಂದು ತಾಳವಾದ್ಯವಾದ್ದರಿಂದ ಅವರಿಗೆ ಮರದ ಹಲಗೆಯ ನೆಲ ಬೇಕು. ಜಮಖಾನೆ ಹಾಸಿದರೆ ಸದ್ದು ಅಡಗುತ್ತದೆ, ಸಿಮೆಂಟಿನ ಮೇಲೆ ಕುಣಿಸಿದರೆ ಮಂಡಿಗೆ ಪೆಟ್ಟಾಗುತ್ತದೆ. ಒಂದು ಮೈಕನ್ನು ನೆಲದ ಹತ್ತಿರವೇ ಇಡಬೇಕು. ಪೋರ್ಚುಗಲ್ಲಿನ ಫಾದೊ ಗಾಯನಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಮಂದ ಬೆಳಕು, ಚಿಕ್ಕ ಕೋಣೆ, ಮತ್ತು ಹಾಡು ಮುಗಿಯುವವರೆಗೆ ತಟ್ಟೆ ಲೋಟಗಳ ಸದ್ದೂ ಇಲ್ಲದ ಮೌನ. ಕೊಯಿಂಬ್ರಾ ನಗರದ ಫಾದೊಗೆ ಚಪ್ಪಾಳೆಯ ಬದಲು ಗಂಟಲು ಸರಿಪಡಿಸಿಕೊಂಡಂತೆ ಕೆಮ್ಮಿ ಮೆಚ್ಚುಗೆ ಸೂಚಿಸುವುದು ಸಂಪ್ರದಾಯ. ನಿರೂಪಕರು ಇದನ್ನು ಮೊದಲೇ ಹೇಳಿದರೆ ಸಭೆಗೂ ತಾನು ಪಾಲ್ಗೊಂಡ ಸಂತೋಷ ದೊರೆಯುತ್ತದೆ.

ನೋಡುವುದಕ್ಕಿಂತ ಕೈಯಾರೆ ಮಾಡಿದ್ದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದರಿಂದ ಒಂದು ಕಮ್ಮಟವನ್ನೂ ಜೊತೆಗಿಡಿ. ಉಕ್ರೇನಿನ ಪಿಸಂಕಾ, ಅಂದರೆ ಈಸ್ಟರ್ ಕಾಲದ ಚಿತ್ತಾರದ ಮೊಟ್ಟೆ, ಇದಕ್ಕೆ ತಕ್ಕದ್ದು. ಸಣ್ಣ ಲೋಹದ ಕೊಳವೆಯುಳ್ಳ ಕಡ್ಡಿಯಿಂದ ಬಿಳಿ ಮೊಟ್ಟೆಯ ಮೇಲೆ ಕರಗಿದ ಮೇಣದ ಗೆರೆ ಎಳೆದು, ಹಳದಿ ಬಣ್ಣದಲ್ಲಿ ಅದ್ದಿ, ಹಳದಿಯಾಗಿಯೇ ಉಳಿಯಬೇಕಾದ ಕಡೆ ಮತ್ತೆ ಮೇಣ ಹಚ್ಚಿ, ಕೆಂಪಿನಲ್ಲೂ ಕೊನೆಗೆ ಕಪ್ಪಿನಲ್ಲೂ ಅದ್ದುತ್ತಾರೆ. ಆಮೇಲೆ ಮೊಟ್ಟೆಯನ್ನು ಮೇಣದಬತ್ತಿಯ ಜ್ವಾಲೆಯ ಪಕ್ಕಕ್ಕೆ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸಿದಾಗ, ಅಲ್ಲಿಯವರೆಗೆ ಮಸಿ ಮೆತ್ತಿದಂತಿದ್ದ ಮೊಟ್ಟೆಯಲ್ಲಿ ಬಣ್ಣಗಳೆಲ್ಲ ಒಮ್ಮೆಗೇ ಕಾಣಿಸಿಕೊಳ್ಳುತ್ತವೆ. ಮಕ್ಕಳಿದ್ದರೆ ಪ್ರತಿ ಮೇಜಿಗೂ ಒಬ್ಬ ಹಿರಿಯರು ಇರಬೇಕು. ಒಡೆಯುವ ಮೊಟ್ಟೆಗಳ ಲೆಕ್ಕ ಹಿಡಿದು ಹೆಚ್ಚಾಗಿಯೇ ತರಿಸಿಕೊಳ್ಳಿ.

ಚಲನಚಿತ್ರವನ್ನು ತೋರಿಸುವುದಾದರೆ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಲಿಖಿತವಾಗಿ ಪಡೆಯಿರಿ. ಮನೆಯಲ್ಲಿ ನೋಡಲು ಕೊಂಡ ಪ್ರತಿ ಅದಕ್ಕೆ ಸಲ್ಲುವುದಿಲ್ಲ. ಕಲಾವಿದರು ವಾದ್ಯಗಳನ್ನು ತರುತ್ತಿದ್ದರೆ ಎ.ಟಿ.ಎ. ಕಾರ್ನೆ ಎಂಬ ದಾಖಲೆ, ಅದನ್ನು ಒಪ್ಪುವ ದೇಶಗಳಲ್ಲಿ, ಸುಂಕ ತೆರದೆ ತಾತ್ಕಾಲಿಕವಾಗಿ ಒಳತರಲು ನೆರವಾಗುತ್ತದೆ. ಆದರೆ ವಾದ್ಯಗಳು ಹಿಂದಿರುಗುವಾಗಲೂ ಅದಕ್ಕೆ ಕಸ್ಟಮ್ಸ್ ಅಧಿಕಾರಿಗಳ ಮುದ್ರೆ ಬೀಳಲೇಬೇಕಾದ್ದರಿಂದ, ಮರುಪ್ರಯಾಣದ ದಿನ ತಂಡವನ್ನು ವಿಮಾನ ನಿಲ್ದಾಣಕ್ಕೆ ಒಂದೆರಡು ಗಂಟೆ ಮುಂಚಿತವಾಗಿಯೇ ಕಳುಹಿಸಿಕೊಡಿ.