ನಿಂತು ಗುರಿಯಿಡುವವರಿಗೆ ಒಪ್ಪುವ ರೈಫಲ್ ಸ್ಟಾಕ್: ಆರಿಸುವುದು ಹೇಗೆ?

ಪಾಯಿಂಟ್ 22 ರಿಮ್‌ಫೈರ್ (ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ ಗುಂಡಿನ) ರೈಫಲ್ ಹಿಡಿದು, ಯಾವ ಆಸರೆಯೂ ಇಲ್ಲದೆ ನಿಂತು ಗುರಿಯಿಡುವುದು ಈ ಕ್ರೀಡೆಯ ಅತಿ ಕಠಿಣ ಭಂಗಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಕಾರ್ಖಾನೆಯಿಂದ ರೈಫಲ್ ಜೊತೆ ಬರುವ ಸಾಮಾನ್ಯ ಸ್ಟಾಕ್, ಅಂದರೆ ನಳಿಗೆಯನ್ನು ಹೊತ್ತು ಕೈಗೂ ಭುಜಕ್ಕೂ ಒರಗುವ ಚೌಕಟ್ಟು, ಮಲಗಿ, ಕುಳಿತು, ನಿಂತು ಹೊಡೆಯುವ ಎಲ್ಲರಿಗೂ ಅಷ್ಟಿಷ್ಟು ಹೊಂದುವಂತೆ ರೂಪಿಸಿದ್ದು. ನಿಂತು ಹೊಡೆಯುವವರಿಗೆ ಅದು ಪೂರ್ಣವಾಗಿ ಒಪ್ಪುವುದು ಅಪರೂಪ. ಈ ರೈಫಲ್‌ನ ಹಿಂದೊದೆತ ಗಣನೆಗೆ ಬಾರದಷ್ಟು ಕಡಿಮೆಯಾದ್ದರಿಂದ, ಅದನ್ನು ತಡೆಯುವುದು ಹೊಸ ಸ್ಟಾಕಿನ ಕೆಲಸವಲ್ಲ. ರೈಫಲ್‌ನ ಭಾರವನ್ನು ಸ್ನಾಯುಗಳ ಬದಲು ಮೂಳೆಗಳ ಮೇಲೆ ಇಳಿಸಿ, ದೇಹ ಸಡಿಲವಾಗಿ ನಿಲ್ಲಲು ಬಿಡುವುದೇ ಅದರ ಕೆಲಸ.

ಮೊದಲು ನೀವು ಭಾಗವಹಿಸುವ ಸ್ಪರ್ಧೆಯ ನಿಯಮಾವಳಿಯನ್ನು ಓದಿ. ಐಎಸ್‌ಎಸ್‌ಎಫ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಅಂಗೈಯಾಸರೆ (ಆಸರೆಯ ಕೈ ಹಿಡಿಯಲು ಸ್ಟಾಕಿನ ಕೆಳಗೆ ಜೋಡಿಸುವ ಭಾಗ), ಕೊಕ್ಕೆಯುಳ್ಳ ಬಟ್ ಪ್ಲೇಟ್ (ಸ್ಟಾಕಿನ ಹಿಂತುದಿಯಲ್ಲಿ ಭುಜಕ್ಕೆ ತಾಗುವ ಫಲಕ) ಎರಡಕ್ಕೂ ಅವಕಾಶವಿದೆ. ಆದರೆ 40, 60, 77 ಮತ್ತು 100 ಮೀಟರ್ ದೂರದ ಲೋಹದ ಆಕೃತಿಗಳನ್ನು ಉರುಳಿಸುವ ಸಿಲೂಯೆಟ್ ಸ್ಪರ್ಧೆಯಲ್ಲಿ ಇವೆರಡೂ ನಿಷಿದ್ಧ. ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘದ (ಎನ್‌ಆರ್‌ಎ) ನಿಯಮದಂತೆ ಅಲ್ಲಿ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಸೇರಿ ರೈಫಲ್‌ನ ತೂಕ 10 ಪೌಂಡ್ 2 ಔನ್ಸ್, ಅಂದರೆ ಸುಮಾರು 4.6 ಕಿಲೋಗ್ರಾಂ ಮೀರುವಂತಿಲ್ಲ. ಒಂದು ಸ್ಪರ್ಧೆಗೆ ಅತ್ಯುತ್ತಮವಾದ ಸ್ಟಾಕ್ ಮತ್ತೊಂದರಲ್ಲಿ ತಪಾಸಣೆಯ ಮೇಜನ್ನೇ ದಾಟಲಾರದು.

ಎರಡನೆಯದು ಅಳತೆ. ಬಹುಪಾಲು ಜನ ಟ್ರಿಗರ್‌ನಿಂದ ಬಟ್ ತುದಿಯವರೆಗಿನ ಉದ್ದವನ್ನಷ್ಟೇ ವಿಚಾರಿಸುತ್ತಾರೆ. ನಿಂತ ಭಂಗಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಎತ್ತರ, ಅಂದರೆ ಆಸರೆಯ ಕೈ ಸ್ಟಾಕನ್ನು ಹೊರುವ ಜಾಗದಿಂದ ಕಣ್ಣಿನ ರೇಖೆಯವರೆಗಿನ ಲಂಬ ಅಂತರ. ಬಲಗೈಯವರು ದೇಹವನ್ನು ಗುರಿಗೆ ಹೆಚ್ಚುಕಡಿಮೆ ಅಡ್ಡಲಾಗಿ ತಿರುಗಿಸಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೋ ಪಕ್ಕೆಲುಬಿಗೋ ಒರಗಿಸಿ, ಮುಂದೋಳನ್ನು ಕಂಬದಂತೆ ನೇರವಾಗಿ ನಿಲ್ಲಿಸುತ್ತಾರೆ. ಆಗ ಸ್ಟಾಕಿನ ಮುಂಭಾಗದ ತಳ ಸಾಕಷ್ಟು ಕೆಳಗಿರದಿದ್ದರೆ ತಲೆಯನ್ನು ಬಗ್ಗಿಸಬೇಕಾಗುತ್ತದೆ, ಇಲ್ಲವೇ ಮೊಣಕೈ ಆಸರೆ ಬಿಟ್ಟು ಮೇಲೇಳುತ್ತದೆ; ಎರಡರಲ್ಲೂ ಕತ್ತು, ಭುಜಗಳು ಬಿಗಿಯುತ್ತವೆ. ಆದ್ದರಿಂದ ಶೂಟಿಂಗ್ ಜಾಕೆಟ್ ಧರಿಸಿ, ರೈಫಲ್ ಇಲ್ಲದೆಯೇ ನಿಮ್ಮ ಭಂಗಿಯಲ್ಲಿ ನಿಂತು, ಮುಷ್ಟಿಯಿಂದ ಕಣ್ಣಿನವರೆಗಿನ ಅಂತರವನ್ನು ಗೆಳೆಯರಿಂದ ಅಳೆಸಿಕೊಳ್ಳಿ. ಕೊಳ್ಳುವಾಗ ಕೇಳಬೇಕಾದ ಮೊದಲ ಅಂಕಿ ಇದು. ಇದು ಹೊಂದದ ಸ್ಟಾಕ್ ಎಷ್ಟೇ ಅಂದವಾಗಿದ್ದರೂ ಬೇಡ.

ಮೂರನೆಯದು ಕೆನ್ನೆ ಮತ್ತು ಭುಜ ತಾಗುವ ಜಾಗ. ಸ್ಕೋಪ್ ನಳಿಗೆಯಿಂದ ಸಾಕಷ್ಟು ಮೇಲೆ ಕೂರುವುದರಿಂದ ಕೆನ್ನೆಯಾಸರೆಯೂ ಏರಬೇಕು. ಹೊಂದಿಸಬಹುದಾದ ಕೆನ್ನೆಯಾಸರೆಗೆ ಹೆಚ್ಚು ಹಣ ಕೊಡುವುದು ಸಾರ್ಥಕವೆಂದೇ ನನ್ನ ಅಭಿಪ್ರಾಯ. ಬಟ್ ಪ್ಲೇಟನ್ನು ಕೆಳಕ್ಕೆ ಸರಿಸಲು ಸಾಧ್ಯವಿದ್ದರೆ ರೈಫಲ್ ಮುಖದ ಬಳಿಗೆ ಏರಿ, ತಲೆ ನೆಟ್ಟಗೆ ನಿಲ್ಲುತ್ತದೆ. ದಪ್ಪ ಜಾಕೆಟ್ ತೊಡುವವರಿಗೆ ಉದ್ದ ತುಸು ಕಡಿಮೆಯಿದ್ದರೇ ಒಳ್ಳೆಯದು. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದಿಟ್ಟ, ಖಾಲಿಯೆಂದು ಖಚಿತಪಡಿಸಿಕೊಂಡ ರೈಫಲನ್ನು ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ, ಒಂದೆರಡು ಉಸಿರು ಎಳೆದು ಬಿಟ್ಟು, ಕಣ್ಣು ತೆರೆಯಿರಿ: ಕತ್ತನ್ನು ಅಲುಗಿಸದೆ ಸ್ಕೋಪಿನ ಪೂರ್ಣ ನೋಟ ಕಂಡರೆ ಕೆನ್ನೆಯಾಸರೆಯ ಎತ್ತರ ಸರಿಯಿದೆ.

ನಂತರ ತೂಕವನ್ನೂ ಅದರ ಹಂಚಿಕೆಯನ್ನೂ ನೋಡಿ. ಪಾಯಿಂಟ್ 22ರ ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ) ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಷ್ಟೇ ಸಾಗುವುದರಿಂದ, ವೇಗದ ಸೆಂಟರ್‌ಫೈರ್ (ತಳದ ನಡುವೆ ಪೆಟ್ಟು ಬಿದ್ದು ಸಿಡಿಯುವ) ಗುಂಡಿಗಿಂತ ಹೆಚ್ಚು ಹೊತ್ತು ನಳಿಗೆಯಲ್ಲೇ ಇರುತ್ತದೆ. ಆ ಅವಧಿಯ ಸಣ್ಣ ಅಲುಗಾಟವೂ ಹಲಗೆಯ ಮೇಲೆ ಕಾಣುತ್ತದೆ. ಮುಂಭಾಗ ತುಸು ಭಾರವಾಗಿದ್ದರೆ ತೂಗಾಟ ನಿಧಾನವಾಗುತ್ತದೆ. ಆದರೆ ಇಡೀ ಸರಣಿಯ ಕೊನೆಯವರೆಗೆ ಹೊರಲಾಗದ ಭಾರದಿಂದ ಪ್ರಯೋಜನವಿಲ್ಲ. ತೂಕದ ಪಟ್ಟಿಗಳನ್ನು ಸೇರಿಸಲು, ತೆಗೆಯಲು ಬರುವ ಸ್ಟಾಕ್ ಆರಿಸಿದರೆ ಈ ಸಮತೋಲವನ್ನು ಅಭ್ಯಾಸದ ಜೊತೆಜೊತೆಗೇ ಕಂಡುಕೊಳ್ಳಬಹುದು. ಗ್ರಿಪ್ (ಟ್ರಿಗರ್ ಎಳೆಯುವ ಕೈಯ ಹಿಡಿ) ನೆಟ್ಟಗಿದ್ದು, ತೋರುಬೆರಳಿನ ತುದಿಭಾಗ ಟ್ರಿಗರ್ ಮೇಲೆ ನೇರವಾಗಿ ಕೂತರೆ ಸಾಕು.

ವಾಲ್ನಟ್ ಮರ, ಪದರ ಮರ (ತೆಳು ಪದರಗಳನ್ನು ಅಂಟಿಸಿದ್ದು), ಅಲ್ಯೂಮಿನಿಯಂ ಇವುಗಳಲ್ಲಿ ಯಾವುದು ಎಂಬ ಚರ್ಚೆಗೆ ಇಲ್ಲಿ ಎರಡನೆಯ ಸ್ಥಾನ. ಒಂದೇ ತುಂಡಿನ ಮರ ತೇವಾಂಶಕ್ಕೆ ಉಬ್ಬಿ ಬಾಗುತ್ತದೆ, ಪದರ ಮರದಲ್ಲಿ ಅದು ಕಡಿಮೆ; ಲೋಹ ಸ್ಥಿರವಾಗಿದ್ದರೂ ಚಳಿಯಲ್ಲಿ ಕೆನ್ನೆಗೆ ಹಿತವಲ್ಲ. ಸ್ಟಾಕ್ ನಿಮ್ಮ ರೈಫಲ್‌ನ ಆ್ಯಕ್ಷನ್‌ಗೇ (ಗುಂಡು ತುಂಬಿ ಸಿಡಿಸುವ ಯಂತ್ರಭಾಗಕ್ಕೇ) ಕೊರೆದದ್ದೋ, ನಳಿಗೆಯ ದಪ್ಪಕ್ಕೆ ಹೊಂದುತ್ತದೋ ಎಂಬುದನ್ನು ತಪ್ಪದೆ ವಿಚಾರಿಸಿ. ರೂಗರ್ 10/22 ಎಂಬ ಪಾಯಿಂಟ್ 22 ರೈಫಲ್‌ಗೆ ಸಿಗುವ 0.920 ಇಂಚಿನ ದಪ್ಪ ನಳಿಗೆ, ತೆಳು ನಳಿಗೆಗಾಗಿ ಕೊರೆದ ಸ್ಟಾಕಿನಲ್ಲಿ ಕೂರುವುದಿಲ್ಲ.

ಜೋಡಿಸಿದ ಮೇಲೆ ತಿರುಪುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಮೊದಲು ಮೇಜಿನ ಆಸರೆಯಲ್ಲಿ ಹೊಡೆದು, ಗುಂಡುಗಳು ಹಿಂದಿನಷ್ಟೇ ಒತ್ತಾಗಿ ಬೀಳುತ್ತವೆಯೇ ನೋಡಿ. ಅವು ಚದುರಿದರೆ ದೋಷ ಆ್ಯಕ್ಷನ್ ಕೂತ ರೀತಿಯಲ್ಲಿರಬಹುದು, ನಿಮ್ಮ ಭಂಗಿಯಲ್ಲಲ್ಲ. ಅದು ಸರಿಯಾದ ಬಳಿಕವೇ ನಿಂತು ಹೊಡೆಯಲು ಆರಂಭಿಸಿ, ಒಂದು ಸಲಕ್ಕೆ ಒಂದೇ ಹೊಂದಾಣಿಕೆಯನ್ನು ಬದಲಿಸಿ, ಪ್ರತಿ ಬದಲಾವಣೆಯ ಅಳತೆಯನ್ನೂ ಬರೆದಿಟ್ಟುಕೊಳ್ಳಿ.