ರೊಟ್ಟಿ ಕಾಕು ಅಂತ ಸೇವ್ ಮಾಡ್ಕೊಳ್ಳಿ

ಪುಣೆಯ ಕರ್ವೆ ನಗರದಲ್ಲಿ ನಮ್ಮ ಮನೆ. ತವರು ಧಾರವಾಡದ ಕಡೆ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇನೆ. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಇರುವುದು ಎರಡು ಹಂಚು, ರೊಟ್ಟಿ ಬಡಿಯಲು ಬರುವ ಇಬ್ಬರು ಹೆಣ್ಣುಮಕ್ಕಳು, ಒಂದು ಫೋನು.

2020ರಲ್ಲಿ ಶುರು ಮಾಡಿದಾಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿ ವಾಟ್ಸಾಪಿನಲ್ಲಿ ಒಂದು ಗ್ರೂಪ್ ಕಟ್ಟಿದೆ. ಸುಮಾರು 140 ಜನ. ಯಾರನ್ನೂ ಕೇಳಲಿಲ್ಲ. ಸಂಜೆಯೊಳಗೆ ಮೂವತ್ತು ಜನ ಹೊರಗೆ. ಒಬ್ಬೊಬ್ಬರೇ 'ಲೆಫ್ಟ್' ಆಗುವುದನ್ನು ನೋಡುತ್ತ ಕೂತಿದ್ದೆ. ಊಟಕ್ಕೆ ಕರೆದವರು ಎಲೆ ಬಿಟ್ಟು ಎದ್ದು ಹೋದ ಹಾಗೆ ಅನಿಸಿತು.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಅಲ್ವಾ? ಒಬ್ಬ ಮಹಾಶಯರು ಅಲ್ಲಿಂದ ನಂಬರು ಎತ್ತಿಕೊಂಡು ಒಬ್ಬೊಬ್ಬರಿಗೂ ಇನ್ಶೂರೆನ್ಸ್ ಮಾರಲು ಹೊರಟರು. ಎರಡನೇ ಮಹಡಿಯವರು ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಿದರು: "ವೈನಿ, ರೊಟ್ಟಿ ತಗೊಂಡಿದ್ದಕ್ಕ ನನ್ನ ನಂಬರ ಊರಿಗೆಲ್ಲ ಹಂಚೀರೇನು?" ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತೇ ರಾತ್ರಿ ಗ್ರೂಪ್ ಮುಚ್ಚಿದೆ.

ಮಗಳು ವಾಟ್ಸಾಪ್ ಬಿಸಿನೆಸ್ ಹಾಕಿಕೊಟ್ಟಳು. ಈ ಆ್ಯಪ್ 2018ರಿಂದಲೇ ಇತ್ತಂತೆ, ದುಡ್ಡೂ ಕೊಡಬೇಕಿಲ್ಲ, ನನಗೆ ಗೊತ್ತಾದದ್ದು ತಡ. ಅದರಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಆಗ ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದಿತ್ತು. ಒಂದೇ ಸಲ ಕಳಿಸಿದರೂ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆಹಾ, ಇನ್ನೇನು ಬೇಕು ಅಂದುಕೊಂಡೆ. ಆದರೆ ಆರ್ಡರ್ ಮಾತ್ರ ನಾಲ್ಕೋ ಐದೋ. ವಾರದ ನಂತರ ಹಳೆಯ ಗಿರಾಕಿಯೊಬ್ಬರು ಸಿಕ್ಕಾಗ, "ಯಾಕ್ರೀ ಮೆಸೇಜೇ ಹಾಕಲಿಲ್ಲ?" ಅಂದರು. ಅವರ ಫೋನ್ ತೆಗೆದು ನೋಡಿದರೆ ನಿಜಕ್ಕೂ ಬಂದಿರಲಿಲ್ಲ. ವಿಷಯ ಇಷ್ಟೇ: ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ನಾನು ಅವರ ನಂಬರು ಇಟ್ಟುಕೊಂಡಿದ್ದೆ. ಅವರು ನನ್ನದನ್ನು ಇಟ್ಟುಕೊಂಡಿರಲಿಲ್ಲ.

ಅವತ್ತಿನಿಂದ ನನ್ನ ಮಾರ್ಕೆಟಿಂಗ್ ಅಂದರೆ ಒಂದೇ ಕೆಲಸ, ನಂಬರು ಸೇವ್ ಮಾಡಿಸುವುದು. ಪ್ರತಿ ಕಟ್ಟಿನೊಳಗೆ ಒಂದು ಚೀಟಿ ಹಾಕತೊಡಗಿದೆ. "ಈ ನಂಬರ್ ಸೇವ್ ಮಾಡಿಕೊಂಡು 'ರೊಟ್ಟಿ' ಅಂತ ಒಂದು ಮೆಸೇಜ್ ಹಾಕಿ. ಮುಂದಿನ ಸಲ 50 ಗ್ರಾಂ ಶೇಂಗಾ ಚಟ್ನಿ ನಮ್ಮ ಕಡೆಯಿಂದ." ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಅವರಾಗಿಯೇ 'ರೊಟ್ಟಿ' ಅಂತ ಕಳಿಸಿದ ಮೇಲೆಯೇ ಲಿಸ್ಟಿಗೆ ಸೇರಿಸುವುದು. ಹಾಗೆ ಕಳಿಸಿದ್ದು ಒಪ್ಪಿಗೆಯೂ ಆಯಿತು. ಹಿಂದೆ ಒಮ್ಮೆ ಪಾಂಪ್ಲೆಟ್ ಹೊಡೆಸಿ ಪೇಪರಿನ ಜೊತೆ ಹಾಕಿಸಿದ್ದೆ, ಅದರ ಖರ್ಚಿಗೆ ಈ ಚಟ್ನಿಯ ಖರ್ಚು ಏನೂ ಅಲ್ಲ. ಜನ ಯಾವ ಹೆಸರಿನಲ್ಲಿ ಸೇವ್ ಮಾಡಿಕೊಂಡಿದ್ದಾರೆ ಅಂತ ಸುಮ್ನೆ ಕೇಳುತ್ತೇನೆ. ನಾನು ಇಟ್ಟುಕೊಂಡ ಚೆಂದದ ಬಿಸಿನೆಸ್ ಹೆಸರು ಒಬ್ಬರ ಫೋನಿನಲ್ಲೂ ಇಲ್ಲ. ಕನ್ನಡದವರಲ್ಲಿ 'ರೊಟ್ಟಿ ಆಂಟಿ', ಮರಾಠಿಯವರಲ್ಲಿ 'ಭಾಕರೀವಾಲ್ಯಾ ಕಾಕು', ಅಂದರೆ ರೊಟ್ಟಿ ಚಿಕ್ಕಮ್ಮ. ಕೊನೆಗೆ ಪ್ರೊಫೈಲಿನಲ್ಲೂ 'ರೊಟ್ಟಿ ಕಾಕು' ಅಂತಲೇ ಬದಲಾಯಿಸಿದೆ.

ಹೆಸರಿನ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ. ಆ್ಯಪಿನಲ್ಲಿ ಕ್ಯಾಟಲಾಗ್ ಅಂತ ಇದೆ, ಸಾಮಾನಿನ ಫೋಟೊ, ಬೆಲೆ, ವಿವರ ಹಾಕಿ ಇಡಬಹುದು. ಅದರಲ್ಲಿ 'ಗುರೆಳ್ಳು ಚಟ್ನಿ' ಅಂತ ಬರೆದಿದ್ದೆ. ಆರು ತಿಂಗಳು ಅದನ್ನು ಕೊಂಡವರು ನಮ್ಮ ಕಡೆಯವರು ಮಾತ್ರ. ಒಂದು ದಿನ ರೊಟ್ಟಿ ಒಯ್ಯಲು ಬಂದ ಮರಾಠಿ ಹುಡುಗಿ, "ಕಾಕು, ಕಾರಳ್ಯಾಚೀ ಚಟಣೀ ಆಹೇ ಕಾ?" ಅಂದಳು. ಇಲ್ಲ ಅಂದೆ. ಅವಳು ಟೇಬಲ್ ಮೇಲಿದ್ದ ಡಬ್ಬಿ ತೋರಿಸಿ ನಕ್ಕಳು. ಗುರೆಳ್ಳೇ ಅವರ ಕಾರಳೆ! ಇಷ್ಟು ವರ್ಷ ಪುಣೆಯಲ್ಲಿದ್ದು ನನಗೆ ಅದು ಹೊಳೆದಿರಲಿಲ್ಲ. ಅದೇ ಸಂಜೆ ಎಲ್ಲದಕ್ಕೂ ಎರಡೆರಡು ಹೆಸರು ಹಾಕಿದೆ. ಗುರೆಳ್ಳು ಪಕ್ಕ ಕಾರಳೆ, ಅಗಸಿ ಪಕ್ಕ ಜವಸ್, ಖಡಕ್ ರೊಟ್ಟಿ ಪಕ್ಕ ಕಡಕ್ ಭಾಕರಿ. ಸೋಲಾಪುರದ ಕಡೆಯವರು ಪುಣೆಯಲ್ಲಿ ಜಾಸ್ತಿ, ಅವರಿಗೆ ಕಡಕ್ ಭಾಕರಿ ಅಂದರೆ ಬೇರೇನೂ ವಿವರಿಸಬೇಕಿಲ್ಲ. ಈಗ ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಾಠಿಯವರೇ.

ಫೋಟೊ ತೆಗೆಯುವುದನ್ನೂ ಎಡವಿಯೇ ಕಲಿತದ್ದು. ರಾತ್ರಿ ಟ್ಯೂಬ್‌ಲೈಟಿನಲ್ಲಿ, ಸ್ಟೀಲ್ ತಟ್ಟೆಯಲ್ಲಿಟ್ಟು ತೆಗೆದಿದ್ದೆ. ಮಗಳು ನೋಡಿ, "ಅವ್ವಾ, ಇದು ಹಪ್ಪಳದಂಗ ಕಾಣಸ್ತೈತಿ" ಅಂದಳು. ಈಗ ಬೆಳಗ್ಗೆ ಎಂಟಕ್ಕೆ, ಕಿಟಕಿ ಪಕ್ಕ, ಬಿದಿರಿನ ಬುಟ್ಟಿಯಲ್ಲಿ. ಆದರೆ ಯಾವ ಫೋಟೊಗಿಂತಲೂ ಜಾಸ್ತಿ ಕೆಲಸ ಮಾಡಿದ್ದು ಎಂಟು ಸೆಕೆಂಡಿನ ಒಂದು ವಿಡಿಯೊ. ಮುಖ ಇಲ್ಲ, ಹಾಡಿಲ್ಲ. ಎರಡು ಕೈ, ಒಂದು ರೊಟ್ಟಿ. ಮುರಿದಾಗ ಕಟ್ ಅಂತ ಸದ್ದು, ಅಷ್ಟೇ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಳಿಸಿ ರೆಕಾರ್ಡ್ ಮಾಡಿದ್ದು. ಸ್ಟೇಟಸ್ಸಿಗೆ ಹಾಕಿದ ಅರ್ಧ ಗಂಟೆಗೆ ಮೆಸೇಜ್ ಶುರುವಾದವು. ಒಬ್ಬರಂತೂ ಸದ್ದು ಕೇಳಿ ಅಜ್ಜಿ ಮನೆ ನೆನಪಾಯಿತು ಅಂತ ಬರೆದು ಮೂರು ಕಟ್ಟು ಹೇಳಿದರು.

ಸ್ಟೇಟಸ್ ಬೇಕಾದಷ್ಟು ಹಾಕುತ್ತೇನೆ. ನೋಡುವವರು ನೋಡುತ್ತಾರೆ, 24 ಗಂಟೆಯಲ್ಲಿ ಅದೇ ಹೋಗುತ್ತದೆ. ಬ್ರಾಡ್‌ಕಾಸ್ಟ್ ಮಾತ್ರ ವಾರಕ್ಕೆ ಒಂದೇ, ಭಾನುವಾರ ಸಂಜೆ. ಈ ವಾರ ಏನಿದೆ, ಎಷ್ಟು ಬೆಲೆ, ಯಾವತ್ತು ಎಲ್ಲಿಗೆ ಬರುತ್ತದೆ, ಇಷ್ಟೇ. 'ಬೆಲೆಗೆ ಮೆಸೇಜ್ ಮಾಡಿ' ಅಂತ ಬರೆಯುವವರನ್ನು ಕಂಡರೆ ನನಗೇ ಸಿಟ್ಟು. ಗುಡ್ ಮಾರ್ನಿಂಗ್ ಗುಲಾಬಿ ಇಲ್ಲಿಯವರೆಗೆ ಒಂದೂ ಕಳಿಸಿಲ್ಲ, ಹಬ್ಬದ ಶುಭಾಶಯವನ್ನೂ ಕಳಿಸುವುದಿಲ್ಲ. ನನ್ನಿಂದ ಮೆಸೇಜ್ ಬಂತು ಅಂದರೆ ರೊಟ್ಟಿ ಬಂತು ಅಂತಲೇ ಅರ್ಥವಾಗಬೇಕು.

ಹಬ್ಬ ಅಂದೆ. ನನ್ನ ವರ್ಷದ ದೊಡ್ಡ ವ್ಯಾಪಾರ ಭೋಗಿಗೆ, ಸಂಕ್ರಾಂತಿಯ ಹಿಂದಿನ ದಿನ. ನಮ್ಮಲ್ಲೂ ಅವತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮರಾಠಿಯವರಲ್ಲೂ ಎಳ್ಳು ಹಚ್ಚಿದ ಬಾಜ್ರಿ ಭಾಕರಿ. ಒಂದೇ ಮೆಸೇಜ್ ಇಬ್ಬರಿಗೂ ಸಾಕು. ಮೊದಲ ವರ್ಷ 12ನೇ ತಾರೀಖು ರಾತ್ರಿ ಕಳಿಸಿದೆ. ಬೆಳಗಾಗುವಷ್ಟರಲ್ಲಿ 60 ಆರ್ಡರ್. ಕೈ ಮೂರು ಜೊತೆ. ಸಜ್ಜೆಯಾಗಲಿ ಜೋಳವಾಗಲಿ, ಗೋದಿಯ ಹಾಗೆ ಜಿಗುಟಿಲ್ಲ. ಹಿಟ್ಟನ್ನು ಮೊದಲೇ ಕಲಸಿಡಲು ಆಗುವುದಿಲ್ಲ, ಎಸರು ಕಾಯಿಸಿ ಆಗಾಗ ನಾದಿಕೊಂಡು ಬಡಿಯಬೇಕು. 25 ಮನೆಗೆ ಕೊಡುವಷ್ಟರಲ್ಲಿ ಸಾಕಾಯಿತು. ಉಳಿದ 35 ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ 6ನೇ ತಾರೀಖಿಗೇ ಮೆಸೇಜ್, 10ಕ್ಕೆ ಆರ್ಡರ್ ಬಂದ್.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಯುಪಿಐ ಕ್ಯೂಆರ್ ಫೋಟೊವನ್ನು ಕ್ವಿಕ್ ರಿಪ್ಲೈನಲ್ಲಿ, ಅಂದರೆ ಆ್ಯಪಿನಲ್ಲಿ ಮೊದಲೇ ಸಿದ್ಧ ಮಾಡಿಡುವ ಉತ್ತರಗಳಲ್ಲಿ, ಇಟ್ಟಿದ್ದೇನೆ. ಒಬ್ಬರು 780 ರೂಪಾಯಿ ಕಟ್ಟಿದ ಸ್ಕ್ರೀನ್‌ಶಾಟ್ ಕಳಿಸಿ ಸಾಮಾನು ಒಯ್ದರು, ಖಾತೆಗೆ ಪೈಸೆ ಬರಲಿಲ್ಲ. ಈಗ ಸ್ಕ್ರೀನ್‌ಶಾಟ್ ನೋಡುವುದೇ ಇಲ್ಲ, ಬ್ಯಾಂಕಿನ ಆ್ಯಪಿನಲ್ಲಿ ದುಡ್ಡು ಕಂಡರೆ ಮಾತ್ರ ಕಟ್ಟು ಹೊರಗೆ. ಎಫ್‌ಎಸ್‌ಎಸ್‌ಎಐ, ಅಂದರೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನೂ ಮಾಡಿಸಿ ಬಿಡಿ. ನಾನು ಮಾಡಿಸಿದಾಗ ನಮ್ಮಂಥ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ನಂಬರು ಕ್ಯಾಟಲಾಗಿನಲ್ಲಿ ಕಂಡ ಮೇಲೆ ದೊಡ್ಡ ಅಪಾರ್ಟ್‌ಮೆಂಟ್ ಸೊಸೈಟಿಗಳವರು ಪ್ರಶ್ನೆ ಕೇಳುವುದು ಕಡಿಮೆಯಾಯಿತು.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆ್ಯಪಿನಿಂದ ಒಂದು ಮೆಸೇಜ್ ತಾನಾಗಿ ಹೋಗುತ್ತದೆ: 'ಕಾಕು ಮಲಗಿದ್ದಾರೆ, ನಾಲ್ಕಕ್ಕೆ ಉತ್ತರಿಸುತ್ತಾರೆ.' ಬೇರೆ ಊರಾಗಿದ್ದರೆ ಗಿರಾಕಿ ಓಡಿಹೋಗುತ್ತಿದ್ದರೇನೋ. ಪುಣೆಯಲ್ಲಿ ಆ ಹೊತ್ತಿನ ನಿದ್ದೆಗೆ ಭಾರೀ ಮರ್ಯಾದೆ, ಒಬ್ಬರೂ ಬೇಜಾರು ಮಾಡಿಕೊಂಡಿಲ್ಲ.

ಆ್ಯಪಿನಲ್ಲಿ ಆರ್ಡರ್ ಮಾಡಿದವರಿಗೆ ಬಣ್ಣದ ಲೇಬಲ್ಲುಗಳನ್ನು ಏರಿಯಾ ಪ್ರಕಾರ ಹಚ್ಚುತ್ತೇನೆ. ಗುರುವಾರ ಕೊಡುವ ಕೋಥ್ರೂಡ್‌ಗೆ ಹಳದಿ, ಶನಿವಾರ ಕೊಡುವ ಸಿಂಹಗಡ ರಸ್ತೆಗೆ ಹಸಿರು. ಆರ್ಡರ್ ಬಂದ ಕೂಡಲೇ ಹಚ್ಚದಿದ್ದರೆ ಮರೆತೇ ಹೋಗುತ್ತದೆ, ಈಗಲೂ ಒಮ್ಮೊಮ್ಮೆ ಮರೆಯುತ್ತೇನೆ. ಬುಧವಾರ ಸಂಜೆ ಹಳದಿ ಎಷ್ಟಿದೆ ಅಂತ ಎಣಿಸಿ, ಅಷ್ಟಕ್ಕೆ ಬೇಕಾದ ಜೋಳ ಮಾತ್ರ ಬೀಸಿಸುವುದು. ಇವತ್ತು ಬುಧವಾರ. ಹಳದಿ 31 ಇದೆ. ಜೋಳ ಇನ್ನೂ ಹಸನು ಮಾಡಿಲ್ಲ, ಗಿರಣಿ ಎಂಟಕ್ಕೆ ಮುಚ್ಚುತ್ತದೆ.